ಒಳಗೆ ನಿನ್ನವರು ಯಾರಿದ್ದಾರೆ?

ಏಪ್ರಿಲ್ ಐದು

ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಕಾರಿಕೊಳ್ಳದಿದ್ದರೆ ತಲೆ ಸಿಡಿದೇ ಹೋಗುತ್ತದೆ. ಅತ್ತೆ ಅತ್ತು ಸುಸ್ತಾಗಿ ಮಲಗಿದ್ದಾರೆ. ಮೀನಿಗೆ ಉಪ್ಪು ಹಾಕಿ ರಸ ಇಳಿಸುವ ನಮ್ಮ ತೊಟ್ಟಿಗಳ ಮೇಲೆ ಬಿಸಿಲು ಸುರಿಯುತ್ತಿದೆ, ಆಳುಗಳು ನೆರಳು ಹುಡುಕಿಕೊಂಡು ಹೋಗಿದ್ದಾರೆ. ಅಪ್ಪ ಹಡಗುಗಳಲ್ಲಿ ಬರವಣಿಗೆಯ ಕೆಲಸದಲ್ಲಿದ್ದುದರಿಂದ ನನಗೆ ಅಕ್ಷರ ಬಂತು. ಈ ಮನೆಯಲ್ಲಿ ಇನ್ನಾರಿಗೂ ಓದಲು ಬಾರದು. ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ: ನನ್ನ ಗಂಡ ಬಾರಿಕ್ ಒಬ್ಬ ಶುದ್ಧ ಮೂರ್ಖ.

ರೋಮಿನ ಹೊಸ ಚಕ್ರವರ್ತಿಯ ಆಜ್ಞೆ ಬಂದಾಗಲೇ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಊರಿನ ಪ್ರತಿಯೊಬ್ಬರೂ ಚೌಕಕ್ಕೆ ಬಂದು ದೇವರುಗಳ ಮುಂದೆ ಒಂದು ಚಿಟಿಕೆ ಧೂಪ ಹಾಕಬೇಕು, ಬಲಿಯ ಮಾಂಸದ ಒಂದು ತುಂಡು ನುಂಗಬೇಕು. ಕ್ರೈಸ್ತರಾದವರು ಹಾಗೆ ಮಾಡಬಾರದು, ನನಗೂ ಗೊತ್ತು. "ಹಾಕೋದು ಕೈ, ಮನಸ್ಸಲ್ಲವಲ್ಲ. ಮನೆಗೆ ಬಂದು ತೊಳ್ಕೊಂಡ್ರಾಯ್ತು" ಎಂದು ಹೇಳಿದ್ದೆ. ಬಾರಿಕ್ ತಲೆಯಾಡಿಸಿದ್ದ. ತಲೆಯಾಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇವತ್ತು ಬೆಳಗ್ಗೆ ಸಾಲಿನಲ್ಲಿ ನಾನು ಮುಂದೆ, ಅವನು ಹಿಂದೆ. ನನ್ನ ಹೆಸರು ಕೂಗಿದರು. ಹೋದೆ, ಹಾಕಿದೆ, ನುಂಗಿದೆ. ಮಾಂಸ ಸರಿಯಾಗಿ ಬೆಂದೂ ಇರಲಿಲ್ಲ. ತಿರುಗಿ ನೋಡುತ್ತೇನೆ, ನನ್ನ ಗಂಡ ಕೆಂಡದ ಮುಂದೆ ನಿಂತಿದ್ದಾನೆ, ಬೆರಳಲ್ಲಿ ಧೂಪ ಹಿಡಿದಿದ್ದಾನೆ, ಕೈ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ.

ಊರ ಅಧಿಕಾರಿ ಸೆರ್ರಾನುಸ್ ಕುರ್ಚಿಯಲ್ಲಿ ಕೂತು ನಕ್ಕ. "ಏನಯ್ಯಾ ಬಾರಿಕ್, ಹೆಂಡ್ತೀನೇ ಹಾಕಿದ್ಲು, ನೀನ್ಯಾವ ಗಿಡದ ತೊಪ್ಪಲು?"

ಬಾರಿಕ್ ಧೂಪವನ್ನು ನೆಲಕ್ಕೆ ಉದುರಿಸಿ ಕೈ ಕೊಡವಿಕೊಂಡ. "ನಾನು ಹಾಕಲ್ಲ. ನಾನು ಕ್ರೈಸ್ತ" ಎಂದ. ಹರಾಜು ಕೂಗುವವನ ಹಾಗೆ, ಇಡೀ ಚೌಕಕ್ಕೆ ಕೇಳುವಂತೆ.

ಅಯ್ಯಾ ಮಹಾರಾಯ, ಹಾಕುವುದಿಲ್ಲವಾದರೆ ಮೊದಲೇ ಹೇಳಬಾರದಿತ್ತೇ? ನಾನು ಹಾಕಿದ ಮೇಲೆ ಹೇಳುವುದೇ?

ಎಳೆದುಕೊಂಡು ಹೋದರು. ಅತ್ತೆ ಬಾಗಿಲಲ್ಲೇ ನನ್ನ ಮೇಲೆ ಬಿದ್ದರು. "ಆಕಾಶದೇವಿಗೆ ಬೇಡಿ ಹೆತ್ತ ಮಗ ನನ್ನವನು. ನೀನು ಬಂದೆ, ಜೊತೆಗೆ ನಿನ್ನ ಶಿಲುಬೆ ದೇವರನ್ನ ಕಟ್ಕೊಂಡು ಬಂದೆ. ಈಗ ನೋಡು, ನೀನು ಮನೇಲಿ, ಅವನು ಸೆರೇಲಿ!"

ಹುಳಿ ವೈನಿನಲ್ಲಿ ಕೈ ತೊಳೆದೆ. ಆಮೇಲೆ ಇನ್ನೊಂದು ಸಲ ತೊಳೆದೆ.

ಏಪ್ರಿಲ್ ಆರು

ಸೆರೆಮನೆಗೆ ಹೋದೆ. ಇವತ್ತು ಯಾರನ್ನೂ ಬಿಡುವುದಿಲ್ಲವಂತೆ. ಬಂಗುಡೆ ಹಿಡಿದ ದೋಣಿಗಳು ಬಂದಿವೆ. ಗಂಡ ಸೆರೆಯಲ್ಲಿದ್ದಾನೆಂದು ಮೀನು ಕಾಯುತ್ತದೆಯೇ? ಕರುಳು ಬಿಡಿಸಿ, ಉಪ್ಪಿನ ಪದರ ಹಾಕಿ, ತೊಟ್ಟಿ ಮುಚ್ಚುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಕೂತರೆ ನಿಲ್ಲೋಣ ಅನಿಸುತ್ತದೆ, ನಿಂತರೆ ಕೂರೋಣ ಅನಿಸುತ್ತದೆ.

ಏಪ್ರಿಲ್ ಎಂಟು

ಒಳಗೆ ಬಿಟ್ಟರು. ಕಾವಲುಗಾರ ಮಮ್ಮಾರ್‌ಗೆ ನಮ್ಮ ಮೀನಿನ ರಸವೆಂದರೆ ಪ್ರಾಣ. ಒಂದು ಸಣ್ಣ ಜಾಡಿ ಕೈಗಿಟ್ಟ ಮೇಲೆ ಬಾಗಿಲು ತಾನಾಗಿ ತೆರೆಯಿತು.

ಬಂದರಿನ ಹಳೆಯ ಉಗ್ರಾಣದ ಕೆಳಗಿನ ಕೋಣೆ. ಗಾಳಿ ಇಲ್ಲ. ಮೂವರನ್ನು ಮರದ ಕೋಳಕ್ಕೆ ಕಾಲು ಸಿಕ್ಕಿಸಿ ಕೂರಿಸಿದ್ದಾರೆ. ಬಾರಿಕ್, ಬಂದರಿನಲ್ಲಿ ಮೂಟೆ ಹೊರುವ ಇಯಾದೆರ್, ಮತ್ತು ವಿಧವೆ ದಾತಿವಾ. ಪ್ರಭುವಿನ ದಿನ ನಾವೆಲ್ಲ ಪ್ರಾರ್ಥನೆಗೆ ಕೂಡುತ್ತಿದ್ದುದು ದಾತಿವಾ ಅವರ ಮನೆಯಲ್ಲೇ. ಅವರ ಗಂಡುಮಕ್ಕಳು ಧೂಪ ಹಾಕಿ ಹಳ್ಳಿ ಕಡೆಗೆ ಓಡಿದ್ದಾರೆ. ಇಯಾದೆರ್‌ಗೆ ಹಿಂದಿಲ್ಲ ಮುಂದಿಲ್ಲ.

ರೊಟ್ಟಿ, ಆಲಿವ್ ಕಾಯಿ, ಒಣ ಅಂಜೂರ ತೆಗೆದುಕೊಂಡು ಹೋಗಿದ್ದೆ. ಮೊದಲು ಹಿರಿಯರಿಗೆ ಕೊಡೋಣವೆಂದು ದಾತಿವಾ ಮುಂದೆ ಹಿಡಿದೆ. ಅವರು ಮುಖ ತಿರುಗಿಸಿದರು.

"ಆ ಕೈಯಿಂದ ಹೊಗೆ ವಾಸನೆ ಬರುತ್ತೆ."

"ಮೀನಿನ ವಾಸನೆ ಅಮ್ಮಾ ಅದು," ಎಂದ ಇಯಾದೆರ್. "ಈ ಗುದುಲ್ಲಕ್ಕನಿಗೆ ಹುಟ್ಟಿದಾಗಿನಿಂದ ಅದೇ ವಾಸನೆ."

ಬಾರಿಕ್ ನಕ್ಕ. ದಾತಿವಾ ನಗಲಿಲ್ಲ. "ದೇವರನ್ನ ಮಾರಿದ ಕೈ. ಹಸಿವಿನಿಂದ ಸತ್ತೇನು, ಇದನ್ನ ಮುಟ್ಟಲ್ಲ."

ನನಗೂ ರೇಗಿತು. "ಬೇಡದಿದ್ರೆ ಬಿಡಿ. ನಾನೇನು ನಿಮಗೋಸ್ಕರ ತರಲಿಲ್ಲ" ಎಂದು ಬುಟ್ಟಿಯನ್ನು ಬಾರಿಕ್ ತೊಡೆಯ ಮೇಲೆ ಕುಕ್ಕಿದೆ. ಅವನ ಕಿವಿಯಲ್ಲಿ ಹೇಳಿದೆ, "ಒಂದು ಚಿಟಿಕೆ ಕಣೋ. ನಾಳೆನೇ ಮನೆಗೆ ಬರಬಹುದು."

"ನೀನು ಚೆನ್ನಾಗಿದೀಯಾ?" ಎಂದು ಕೇಳಿದ. ಕೇಳಿದ್ದಕ್ಕೆ ಉತ್ತರ ಕೊಡುವ ಅಭ್ಯಾಸ ಅವನಿಗೆ ಎಂದೂ ಇರಲಿಲ್ಲ.

ದಾರಿಯುದ್ದಕ್ಕೂ ಆ ಮುದುಕಿಗೆ ಕೊಡಬೇಕಾಗಿದ್ದ ಉತ್ತರಗಳು ಹೊಳೆಯುತ್ತಲೇ ಇದ್ದವು. ದೇವರನ್ನು ಮಾರಿದವಳಂತೆ! ಅವರ ಸ್ವಂತ ಮಕ್ಕಳು ಏನು ಮಾಡಿದರು?

ಏಪ್ರಿಲ್ ಹನ್ನೊಂದು

ಮೊನ್ನೆಯಿಂದ ಹೊಸ ಕಟ್ಟಳೆ. ಸೆರೆಯಲ್ಲಿರುವ ಕ್ರೈಸ್ತರಿಗೆ ಇನ್ನು ಸರ್ಕಾರದ ಕೂಳಿಲ್ಲ. ಹಸಿವೇ ಬುದ್ಧಿ ಕಲಿಸಲಿ ಎಂದು ಸೆರ್ರಾನುಸ್‌ನ ಲೆಕ್ಕ.

"ಮನೆಯವ್ರು ತಂದ್ರೆ ಉಂಟು, ಇಲ್ದಿದ್ರೆ ಇಲ್ಲ," ಎಂದ ಮಮ್ಮಾರ್. "ಅದೂ ಒಬ್ಬನಿಗಾಗೋ ಅಷ್ಟೇ. ಏನಕ್ಕಾ ಇದು, ನಿನ್ ಗಂಡ ಇಷ್ಟು ತಿಂತಾನಾ?"

"ಅವನ ಹೊಟ್ಟೆ ನೀನು ನೋಡಿಲ್ಲ" ಎಂದೆ.

ಅರ್ಧ ಬುಟ್ಟಿ ಅಲ್ಲೇ ಇಳಿಸಿಕೊಂಡ. ಉಳಿದದ್ದನ್ನು ಬಾರಿಕ್ ಎರಡು ಪಾಲು ಮಾಡಿ ಒಂದನ್ನು ಇಯಾದೆರ್‌ಗೆ ಕೊಟ್ಟ. ದಾತಿವಾ ಗೋಡೆ ಕಡೆ ತಿರುಗಿ ಕೀರ್ತನೆ ಹೇಳಿಕೊಳ್ಳುತ್ತಿದ್ದರು. ಅವರು ಏನು ತಿನ್ನುತ್ತಾರೆ ಎಂದು ಕೇಳಿದೆ. "ಬಂದರಿನಲ್ಲಿ ನನ್ನ ಜೊತೆ ಮೂಟೆ ಹೊರೋ ಹುಡುಗರು ಬೆಳಗ್ಗೆ ಬರ್ತಾರಕ್ಕ, ಮಮ್ಮಾರ್ ಕಣ್ತಪ್ಪಿಸಿ ಕೊಟ್ಟು ಹೋಗ್ತಾರೆ. ಅಮ್ಮನಿಗೆ ಅದು ಸಾಕಾಗುತ್ತೆ" ಎಂದ ಇಯಾದೆರ್. ಅವನ ಕೆನ್ನೆಯ ಮೂಳೆಗಳು ಎದ್ದು ಕಾಣುತ್ತಿವೆ. ಹೊಟ್ಟೆಗೆ ಹತ್ತಿದ ಹಾಗೆಯೇ ಇಲ್ಲ.

ನನಗೇನು, ಬಾರಿಕ್ ತಿಂದರೆ ಸಾಕು.

ಏಪ್ರಿಲ್ ಹದಿನಾಲ್ಕು

ಬಾರಿಕ್‌ಗೆ ಜ್ವರ. ಕೋಳದಲ್ಲಿ ಸಿಕ್ಕಿದ ಕಾಲು ಊದಿಕೊಂಡಿದೆ. ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಾಗ ತಾನಾಗಿ ಹೇಳಿದ:

"ನಿಜ ಹೇಳ್ಲಾ ಗುದುಲ್ಲಾ? ನಾನೂ ಹಾಕೋಕೇ ಬಂದಿದ್ದೆ. ಅವನು ನಕ್ಕ ನೋಡು, ಮೈಯೆಲ್ಲಾ ಉರಿದುಹೋಯ್ತು."

"ಸೆರ್ರಾನುಸ್ ನಕ್ಕಿದ್ದಕ್ಕೆ ಸಾಯ್ತೀಯಾ?"

"ಮೊದಲ ದಿನ ಇದ್ದದ್ದು ಅಷ್ಟೇ. ಆಮೇಲೆ ಇಲ್ಲಿ ಇವರ ಜೊತೆ ಹಾಡ್ತಾ ಹಾಡ್ತಾ ಏನೋ ಬೇರೆ ಬಂತು. ಎಷ್ಟು ಚೆನ್ನಾಗಿತ್ತು ಗೊತ್ತಾ? ಈಗ ಅದೂ ಹೋಯ್ತು. ಈಗ ಬರೀ ಕಾಲು ಇದೆ, ನೋವು ಇದೆ."

ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. "ಹಾಗಾದ್ರೆ ಬಾ ಮನೆಗೆ" ಎನ್ನಬಹುದಿತ್ತು. ದಿನವೂ ಅದನ್ನೇ ಹೇಳಲು ಹೋಗುತ್ತಿದ್ದವಳು ಇವತ್ತು ಬಟ್ಟೆ ಹಿಂಡುತ್ತ ಸುಮ್ಮನೆ ಕೂತೆ. ಅವನು ಬಳಲಿದ್ದ, ಅದಕ್ಕೇ ಇರಬೇಕು.

ಮನೆಗೆ ಬಂದರೆ ಅತ್ತೆ: "ಒಪ್ಪಿದ್ನಾ?"

"ಇಲ್ಲ."

"ನೀನು ಸರಿಯಾಗಿ ಕೇಳಿರಲ್ಲ. ಅತ್ತು ಕರೆದು ಕಾಲಿಗೆ ಬೀಳಬೇಕಿತ್ತು. ಒಂದು ಹನಿ ಕಣ್ಣೀರೂ ಇಲ್ಲ ಮುಖದ ಮೇಲೆ. ಕಲ್ಲು!"

ತೊಟ್ಟಿ ತಿರುವಲು ಹೋದೆ. ತಿರುವುವ ಸರದಿ ಇವತ್ತಲ್ಲ ಎಂದು ಆಳುಗಳು ಹೇಳಿದರು. ಆದರೂ ತಿರುವಿದೆ.

ಏಪ್ರಿಲ್ ಹದಿನೇಳು

ಇಯಾದೆರ್ ಸತ್ತ.

ನಾನು ಹೋಗುವಷ್ಟರಲ್ಲಿ ಕೋಳ ಬಿಚ್ಚಿದ್ದರು. ಅಷ್ಟು ಭಾರದ ಮೂಟೆಗಳನ್ನು ಹೊತ್ತು ಶಿಳ್ಳೆ ಹಾಕುತ್ತ ಹಡಗೇರುತ್ತಿದ್ದವನು ನೆಲದ ಮೇಲೆ ಒಂದು ಹಿಡಿ ಮೂಳೆಯಾಗಿ ಮಲಗಿದ್ದ.

ದಾತಿವಾ ಮಮ್ಮಾರ್‌ಗೆ ಹೇಳುತ್ತಿದ್ದರು, "ಬಂದರಿನ ಹುಡುಗರಿಗೆ ಹೇಳಿ ಕಳಿಸಪ್ಪ. ದಿನಾ ರೊಟ್ಟಿ ತಂದ್ಕೊಟ್ಟವರು, ಮಣ್ಣು ಮಾಡೋಕೆ ಅವರಾದ್ರೂ ಬರಲಿ."

"ಯಾವ ಹುಡುಗರು?" ಎಂದ ಮಮ್ಮಾರ್. "ಇವನನ್ನ ಕೇಳ್ಕೊಂಡು ಒಂದು ನಾಯಿನೂ ಬಂದಿಲ್ಲ ಕಣಮ್ಮ. ಈ ಬಾಗಿಲಿಂದ ಒಳಗೆ ಬಂದ ರೊಟ್ಟಿ ಅಂದ್ರೆ ಈ ಮೀನಿನಕ್ಕಂದು ಒಂದೇ."

ನಾನು ಬಾರಿಕ್‌ನನ್ನು ನೋಡಿದೆ. ಅವನು ತಲೆ ತಗ್ಗಿಸಿದ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಅಮ್ಮನಿಗೆ ಹೇಳ್ಬೇಡ ಅಂದಿದ್ದ. ಬಂದರಿನ ಹುಡುಗರು ತಂದಿದ್ದು ಅಂತ ತನ್ನ ಪಾಲನ್ನೆಲ್ಲ ಅವರಿಗೆ ಕೊಡ್ತಿದ್ದ. ನಾನು ನನ್ನದರಲ್ಲಿ ಕೊಡೋಕೆ ಹೋದ್ರೆ ಈಗಷ್ಟೇ ತಿಂದೆ ಅಂತಿದ್ದ. ನನಗೆ ಹಸಿವಿತ್ತು ಗುದುಲ್ಲಾ, ನಾನು ನಂಬಿದೆ."

ದಾತಿವಾ ಇಯಾದೆರ್‌ನ ಕಾಲನ್ನೇ ನೋಡುತ್ತಿದ್ದರು. "ನನ್ನ ಬಿಗುಮಾನ ಈ ಮಗುವನ್ನ ತಿಂತು" ಎಂದರು. ಆಮೇಲೆ ನನ್ನ ಕಡೆ ಕೈ ಚಾಚಿದರು. "ಕೊಡು."

ಕೊಟ್ಟೆ. ಅವರು ಅಳುತ್ತ ತಿಂದರು, ಇಡೀ ರೊಟ್ಟಿಯನ್ನು ತಿಂದರು.

ಸೈನಿಕರು ಬಂದು ಅವನನ್ನು ಎಳೆದುಕೊಂಡು ಹೋಗಿ ಉಪ್ಪಿನ ಗದ್ದೆಗಳ ಹಿಂದಿನ ಹಳ್ಳಕ್ಕೆ ಎಸೆದರಂತೆ. ಹೆಣ ಕೇಳಲು ಹೋದವರ ಹೆಸರು ಬರೆದುಕೊಳ್ಳುತ್ತಾರೆ. ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಏಪ್ರಿಲ್ ಹದಿನೆಂಟು

"ನನ್ನನ್ನ ಮನೆಗೆ ಕರ್ಕೊಂಡು ಹೋಗು," ಎಂದ ಬಾರಿಕ್.

ನಾನು ಬುಟ್ಟಿ ಇಳಿಸುವ ಮೊದಲೇ ಹೇಳಿದ. ದಾತಿವಾ ಕಡೆ ನೋಡದೆ, ನನ್ನ ಕಡೆಯೂ ನೋಡದೆ. "ಅವನು ಸತ್ತ ಜಾಗದಲ್ಲಿ ನನಗೆ ಕೂರೋಕಾಗ್ತಿಲ್ಲ. ಸೆರ್ರಾನುಸ್‌ಗೆ ಹೇಳು. ಹಾಕ್ತೀನಿ."

ನಾನು ಬಯಸಿದ್ದು ಇದನ್ನೇ ಅಲ್ಲವೇ? ಕುಣಿಯಬೇಕಿತ್ತು. "ಯೋಚನೆ ಮಾಡಿ ಹೇಳ್ತಿದೀಯಾ?" ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ನಾನು ಯಾಕೆ ಹಾಗೆ ಕೇಳಿದೆನೋ.

ದಾತಿವಾ ಮಾತ್ರ ಬೈಯಲಿಲ್ಲ. "ಹೋಗಪ್ಪ," ಎಂದರು. "ನಿನ್ನನ್ನ ಅಳೆಯೋ ಅಷ್ಟು ದೊಡ್ಡವಳು ನಾನಲ್ಲ ಅಂತ ನಿನ್ನೆ ಗೊತ್ತಾಯ್ತು."

ಸೆರ್ರಾನುಸ್ ಸ್ನಾನಗೃಹದಿಂದ ಬಂದು ಎಣ್ಣೆ ಒರೆಸಿಕೊಳ್ಳುತ್ತಿದ್ದ. ಹೇಳಿದೆ. "ಕೊನೆಗೂ ಹೊಟ್ಟೆ ಮಾತಾಡ್ತು ಅನ್ನು. ನೀನು ಜಾಣೆ ಕಣಮ್ಮ. ಎಲ್ಲಾ ಹೆಂಡಂದಿರೂ ನಿನ್ನ ಹಾಗಿದ್ರೆ ನನ್ನ ಕೆಲಸ ಎಷ್ಟು ಹಗುರಾಗ್ತಿತ್ತು" ಎಂದ.

ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ನಿಂತಿದೆ.

ಏಪ್ರಿಲ್ ಹತ್ತೊಂಬತ್ತು

ಬಾರಿಕ್ ಮನೆಗೆ ಬಂದ.

ಚೌಕದಲ್ಲಿ ಇಬ್ಬರು ಹಿಡಿದು ನಿಲ್ಲಿಸಿದರು. ಧೂಪ ಹಾಕಿದ. ಮಾಂಸ ನುಂಗಿದ, ಕೂಡಲೇ ವಾಂತಿ ಮಾಡಿಕೊಂಡ. ನುಂಗಿದ್ದು ಲೆಕ್ಕಕ್ಕೆ ಬಂತು ಎಂದು ಸೆರ್ರಾನುಸ್ ಬಿಟ್ಟುಬಿಟ್ಟ.

ಅತ್ತೆ ಪಾರಿವಾಳ ಕೊಯ್ಯಿಸಿ ಅಡಿಗೆ ಮಾಡಿದ್ದರು. ಮಗನ ತಲೆ ಸವರಿ ಸವರಿ ಅತ್ತರು. ನನ್ನ ತಲೆಯನ್ನೂ ಒಮ್ಮೆ ಸವರಿದರು, ಮದುವೆಯಾದ ಮೇಲೆ ಮೊದಲ ಸಲ. ಬಾರಿಕ್ ಗೋಡೆಗೊರಗಿ ಕೂತಿದ್ದಾನೆ. ತಟ್ಟೆ ಹಾಗೇ ಇದೆ.

"ನೀನು ಕೇಳಿದ್ದೂ ಇದನ್ನೇ ತಾನೇ?" ಎಂದ.

"ಹೌದು."

"ಮತ್ತೆ ಯಾಕೆ ಹಾಗೆ ಓಡಾಡ್ತಿದೀಯಾ? ಕೂತ್ಕೋ ಒಂದು ಕಡೆ."

ಓಡಾಡುತ್ತಿದ್ದೆನೇ? ನನಗೆ ಗೊತ್ತಾಗಲಿಲ್ಲ.

ಏಪ್ರಿಲ್ ಇಪ್ಪತ್ತು

ಬೆಳಗ್ಗೆ ಎದ್ದು ರೊಟ್ಟಿ ಸುಟ್ಟು, ಬುಟ್ಟಿ ತುಂಬಿ, ಸೆರೆಮನೆಯ ಬಾಗಿಲಿಗೆ ಹೋಗಿ ನಿಂತ ಮೇಲೆಯೇ ನೆನಪಾದದ್ದು, ಗಂಡ ಮನೆಯಲ್ಲಿದ್ದಾನೆ ಎಂದು.

ಮಮ್ಮಾರ್ ನಕ್ಕ. "ಏನಕ್ಕಾ, ದಾರಿ ತಪ್ಪಿತಾ?"

"ದಾತಿವಾ ಅವರಿಗೆ ಕೊಟ್ಟು ಹೋಗ್ತೀನಿ."

"ಆಗಲ್ಲ. ಮನೆಯವ್ರು ಮಾತ್ರ. ಒಳಗೆ ಈಗ ನಿನ್ನವರು ಯಾರಿದಾರೆ?"

ಜಾಡಿ ತೋರಿಸಿದೆ. ಅವನು ಆಸೆಯಿಂದ ನೋಡಿ, ತಲೆ ಅಲ್ಲಾಡಿಸಿದ. ಕಾರ್ಥೇಜಿನಿಂದ ಪ್ರಾಂತಾಧಿಪತಿ ಬರುವವರಿದ್ದಾರಂತೆ, ಈಗ ಎಲ್ಲ ಬಿಗಿ. ಸೆರ್ರಾನುಸ್ ಸೆರೆಯಲ್ಲಿ ಹಸಿವಿನಿಂದ ಕೊಲ್ಲಬಹುದು, ಕತ್ತಿಯಿಂದ ಕೊಲ್ಲಲು ಮಾತ್ರ ಪ್ರಾಂತಾಧಿಪತಿಯೇ ಬರಬೇಕು.

ಬುಟ್ಟಿ ಸಮೇತ ವಾಪಸು.

ಏಪ್ರಿಲ್ ಇಪ್ಪತ್ತೊಂದು

ಇವತ್ತೂ ಹೋದೆ. ಇವತ್ತೂ ಅದೇ ಪ್ರಶ್ನೆ. ಬಾಗಿಲ ಬಿರುಕಿನಿಂದ "ಅಮ್ಮಾ" ಎಂದು ಕೂಗಿದೆ. ಒಳಗಿನಿಂದ ಕೀರ್ತನೆಯ ದನಿ ಬಂತು, ಆದರೆ ಬಹಳ ಸಣ್ಣಗೆ, ನಡುನಡುವೆ ನಿಂತು. ಒಬ್ಬರೇ ಹಾಡುತ್ತಿದ್ದಾರೆ. ಅದನ್ನು ಕೇಳಿದ ಮೇಲೆ ಮನೆಯಲ್ಲಿ ಯಾವ ಕೆಲಸಕ್ಕೂ ಕೈ ಹತ್ತಲಿಲ್ಲ. ತೊಟ್ಟಿಗೆ ಹೋದೆ, ಬಂದೆ. ಬಾವಿಗೆ ಹೋದೆ, ಖಾಲಿ ಕೊಡ ಹೊತ್ತು ಬಂದೆ.

ಅತ್ತೆಗೆ ತಾಳ್ಮೆ ಕೆಟ್ಟಿತು. "ಆ ಮುದುಕಿ ನಿನಗೇನಾಗಬೇಕು? ನಿನ್ನನ್ನ ಕಂಡ್ರೆ ಉಗಿಯೋವ್ಳು!"

"ಈಗ ಉಗಿಯಲ್ಲ ಅತ್ತೆ. ಈಗ ನನ್ನ ಕೈಯಿಂದ ತಿಂತಾರೆ."

"ಅಬ್ಬಾ, ಏನು ಭಾಗ್ಯ!"

ಬಾರಿಕ್ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದ. ಇದ್ದಕ್ಕಿದ್ದಂತೆ, "ಗುದುಲ್ಲಾ, ನಾಳೆ ಹೋಗ್ಬೇಡ" ಎಂದ. ರೊಟ್ಟಿ ಕೊಡಲು ಹೋಗುವುದಕ್ಕೆ ಇಷ್ಟೊಂದು ಗಾಬರಿ ಏತಕ್ಕೋ.

ಏಪ್ರಿಲ್ ಇಪ್ಪತ್ತಮೂರು

ಒಳಗೆ ಕೂತು ಬರೆಯುತ್ತಿದ್ದೇನೆ. ಮನೆಯಿಂದ ಈ ಹಾಳೆ ತರಿಸಿಕೊಳ್ಳಲು ಮಮ್ಮಾರ್ ಬಿಟ್ಟ. ಪ್ರಾರ್ಥನೆ ಬರೆದುಕೊಳ್ಳಲು ಎಂದುಕೊಂಡಿದ್ದಾನೆ.

ನಿನ್ನೆ ಹೀಗಾಯಿತು. ಬಾಗಿಲಲ್ಲಿ ಮಮ್ಮಾರ್ ಬೇಸತ್ತು ಕೂಗಿದ, "ದಿನಾ ಬಂದು ಪ್ರಾಣ ತಿಂತೀಯಲ್ಲ. ಒಳಗಿರೋದು ಕ್ರೈಸ್ತರು. ನಿನ್ನವರು ಯಾರಿದಾರೆ ಅಲ್ಲಿ?"

"ಎಲ್ಲಾ ನನ್ನವರೇ" ಎಂದೆ.

"ಅಂದ್ರೆ?"

"ಅಂದ್ರೆ ನಾನೂ ಕ್ರೈಸ್ತಳೇ."

ಮಾತು ಬಾಯಿಂದ ಬಂದಮೇಲೆಯೇ ನನಗೂ ಕೇಳಿಸಿದ್ದು. ಮಮ್ಮಾರ್ ಸುತ್ತ ನೋಡಿದ. "ಅಕ್ಕಾ, ಮೆತ್ತಗೆ. ನನಗೇನೂ ಕೇಳಿಸಿಲ್ಲ, ಮನೆಗೆ ಹೋಗು" ಎಂದು ಬೇಡಿಕೊಂಡ. ಆದರೆ ಪಹರೆಯ ಸೈನಿಕರಿಗೆ ಕೇಳಿಸಿತ್ತು.

ಸೆರ್ರಾನುಸ್‌ಗೆ ಸಿಟ್ಟಿಗಿಂತ ಕಿರಿಕಿರಿಯೇ ಹೆಚ್ಚು. "ನೀನು ಧೂಪ ಹಾಕಿದ್ದನ್ನ ನಾನೇ ನೋಡಿದೀನಿ."

"ಹಾಕಿದ್ದೆ. ಅದು ಸುಳ್ಳು."

"ಮೊನ್ನೆ ತಾನೇ ನಿನ್ನ ಗಂಡನ್ನ ಬಿಟ್ಟಿದೀನಿ. ಸೆರೆಮನೆ ಅಂದ್ರೆ ಛತ್ರ ಅಂದ್ಕೊಂಡಿದೀರಾ ನಿಮ್ಮನೆಯೋರು, ಒಬ್ರು ಎದ್ಹೋದ್ಮೇಲೆ ಇನ್ನೊಬ್ರು ಬಂದು ಮಲಗೋಕೆ? ಇನ್ನೊಂದು ಚಿಟಿಕೆ ಹಾಕಿ ಹೋಗಮ್ಮ, ಮರೆತುಬಿಡ್ತೀನಿ."

"ಆಗಲ್ಲ."

"ಯಾಕೆ ಆಗಲ್ಲ? ಅವತ್ತು ಆಯ್ತಲ್ಲ?"

ದೊಡ್ಡ ಮಾತುಗಳು ನನಗೆ ಬಾರವು. ಆಗುವುದಿಲ್ಲ ಎನ್ನುವುದು ಮಾತ್ರ ಗೊತ್ತಿತ್ತು, ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯಲಾಗುವುದಿಲ್ಲ ಎನ್ನುವುದು ಗೊತ್ತಿರುವ ಹಾಗೆ.

ಒಳಗೆ ತಂದು ಕೋಳಕ್ಕೆ ಹಾಕಿದರು. ಬುಟ್ಟಿ ಕಿತ್ತುಕೊಂಡಿದ್ದರು, ಸೆರಗಿನಲ್ಲಿ ಎರಡು ಅಂಜೂರ ಇತ್ತು. ದಾತಿವಾ ಅವರಿಗೆ ಕೂಡಲೇ ಗುರುತು ಹತ್ತಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ.

ಏಪ್ರಿಲ್ ಇಪ್ಪತ್ತೈದು

ಇವತ್ತು ಪ್ರಾಂತಾಧಿಪತಿಯ ಮುಂದೆ ನಿಲ್ಲಿಸಿದರು. ಅವರಿಗೆ ಅವಸರವಿತ್ತು. ಧೂಪ ಹಾಕುತ್ತೀಯಾ ಎಂದು ಮೊದಲು ದಾತಿವಾರನ್ನು ಕೇಳಿದರು, ಆಮೇಲೆ ನನ್ನನ್ನು. ನಾವಿಬ್ಬರೂ ಒಂದೇ ಮಾತು ಹೇಳಿದೆವು.

ಜನರ ನಡುವಿನಿಂದ ಅತ್ತೆ ನುಗ್ಗಿ ಬಂದರು. ಪಹರೆಯವನ ತೋಳಿನ ಕೆಳಗೆ ನುಸುಳಿ, ಪ್ರಾಂತಾಧಿಪತಿಯ ಪೀಠದ ಬುಡಕ್ಕೇ ಬಂದು ಬಿದ್ದರು. "ಬುದ್ಧೀ, ಇವಳು ನನ್ನ ಸೊಸೆ. ಇವಳಿಗೆ ತಲೆ ಸರಿಯಿಲ್ಲ. ಹುಚ್ಚಿ! ಹುಚ್ಚಿಯ ಮಾತು ಹಿಡಿದು ಯಾರಾದ್ರೂ ಕೊಲ್ತಾರಾ? ನನ್ನ ದೇವಿ ಆಣೆ, ಇವಳ ಪಾಲಿಂದು ನಾನು ಹಾಕ್ತೀನಿ, ಒಂದಲ್ಲ ಹತ್ತು ಹಿಡಿ ಹಾಕ್ತೀನಿ!"

ಜನ ನಕ್ಕರು. ನಾನು ಬಗ್ಗಿ ಅವರನ್ನು ಎಬ್ಬಿಸಿದೆ. "ಅತ್ತೆ, ಎದ್ದೇಳಿ, ಮೊಣಕಾಲು ನೋಯುತ್ತೆ ನಿಮಗೆ." ಅವರು ನನ್ನ ಕೆನ್ನೆಗೆ ಹೊಡೆದರು, ಆಮೇಲೆ ಅದೇ ಕೆನ್ನೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಬಿಕ್ಕಿದರು.

ನಾಳೆ ಬೆಳಗ್ಗೆ, ಕತ್ತಿ. ಇಬ್ಬರಿಗೂ.

ಮಧ್ಯಾಹ್ನ ಬಾರಿಕ್ ಬಂದ. ಮಮ್ಮಾರ್ ತಡೆಯಲಿಲ್ಲ. ತೆರೆದ ಬಾಗಿಲ ಹೊಸ್ತಿಲಲ್ಲೇ ನಿಂತು, "ನಾನೂ ಒಳಗೆ ಬರ್ಬೇಕು. ಆದ್ರೆ ಕಾಲು ಏಳ್ತಿಲ್ಲ ಗುದುಲ್ಲಾ. ಅವತ್ತಿನ ಸಿಟ್ಟನ್ನ ಹುಡುಕ್ತಿದೀನಿ, ಅದೂ ಸಿಗ್ತಿಲ್ಲ" ಎಂದ.

"ಸಿಟ್ಟು ಹುಡುಕ್ಬೇಡ ಬಿಡು. ಅತ್ತೆ ಏನಾದ್ರೂ ತಿಂದ್ರಾ?"

"ಇಲ್ಲ."

"ಗಂಜಿ ಮಾಡಿ ಕುಡಿಸು. ಬೈತಾರೆ, ಬೈಸ್ಕೋ."

ಅವನು ಅಳುತ್ತಿದ್ದ. ಹಿಂದಾಗಿದ್ದರೆ ನನಗೆ ರೇಗುತ್ತಿತ್ತು. ಮೂಗು ಒರೆಸಿಕೊಂಡು ಹೇಳಿದ, "ಇಯಾದೆರ್‌ನ ಹಾಗೆ ನಿಮ್ಮನ್ನ ಹಳ್ಳಕ್ಕೆ ಎಸೆಯೋಕೆ ಬಿಡಲ್ಲ. ಮೀನಿನ ಗಾಡಿ ತರ್ತೀನಿ. ಹಗಲಲ್ಲೇ ತರ್ತೀನಿ, ಎಲ್ಲರೂ ನೋಡ್ಲಿ. ನಿನ್ನನ್ನ, ದಾತಿವಮ್ಮನ್ನ ನಾನೇ ಎತ್ತಿ ಮಲಗಿಸ್ತೀನಿ. ಹೆಸರು ಬರ್ಕೊಂಡ್ರೆ ಬರ್ಕೊಳ್ಳಲಿ."

ಅವನು ಹೋಗುವಾಗ ಬಿಸಿಲಲ್ಲಿ ಕುಂಟುತ್ತಿದ್ದ. ಕಾಲಿನ ಗಾಯ ಇನ್ನೂ ಮಾಗಿಲ್ಲ. ಎಣ್ಣೆ ಹಚ್ಚು ಎಂದು ಹೇಳುವುದು ಮರೆತೆ.

ಸಂಜೆಯಾಗುತ್ತಿದೆ. ದಾತಿವಾ ಇಷ್ಟು ದಿನ ಗಟ್ಟಿಯಾಗಿದ್ದವರು, ಈಗ ನನ್ನ ತೋಳಿಗೆ ಒತ್ತಿಕೊಂಡು ಕೂತಿದ್ದರು. "ನೋವಾಗುತ್ತಾ ಗುದುಲ್ಲಾ?" ಎಂದು ಮಗುವಿನ ಹಾಗೆ ಕೇಳಿದರು. "ಎಲ್ಲರಿಗೂ ಧೈರ್ಯ ಹೇಳ್ತಿದ್ದೆ. ಈಗ ನನಗೇ ಹೆದರಿಕೆ ಆಗ್ತಿದೆ. ಯಾರಿಗೂ ಹೇಳ್ಬೇಡ."

"ಗೊತ್ತಿಲ್ಲಮ್ಮ. ಆದ್ರೂ ಬೇಗ ಆಗಿಹೋಗುತ್ತೆ. ನಾನು ಪಕ್ಕದಲ್ಲೇ ಇರ್ತೀನಿ. ಬನ್ನಿ, ಇಲ್ಲಿ ತಲೆ ಇಡಿ."

ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು. ಕೂದಲು ಬಿಡಿಸಿ ಬಾಚಿದೆ. ಹಾಡು ಎಂದರು. ನನ್ನ ಕಂಠ ಚೆನ್ನಾಗಿಲ್ಲ, ಆದರೂ ಹಾಡಿದೆ. ಈಗ ಉಸಿರು ಒಂದೇ ಸಮನೆ ಬರುತ್ತಿದೆ, ನಿದ್ದೆ ಹತ್ತಿದೆ. ಅಲುಗಿದರೆ ಎಚ್ಚರವಾದಾರು ಎಂದು ಅಲುಗದೆ ಬರೆಯುತ್ತಿದ್ದೇನೆ. ಬೆಳಕು ಕಡಿಮೆಯಾಗುತ್ತಿದೆ, ಇನ್ನು ಅಕ್ಷರ ಕಾಣುವುದಿಲ್ಲ. ನನಗೂ ಕಣ್ಣು ಎಳೆಯುತ್ತಿದೆ.